ಅಗ್ಗದ ದೇಶ ಯಾವುದು? ತಡವಳದಿಂದೊಂದು ಮೀಮಾಂಸೆ

ಕೈಯಲ್ಲಿ ಕಡಿಮೆ ಹಣ ಇದ್ದವರು ಹೊರದೇಶ ನೋಡಬೇಕೆಂದರೆ ಯಾವ ದೇಶವನ್ನು ಆರಿಸಿಕೊಳ್ಳಬೇಕು? ಇದು ವಿಷಯ. ಮಹಾರಾಷ್ಟ್ರದ ಅಕ್ಕಲಕೋಟ ತಾಲೂಕಿನ ತಡವಳ ಮತ್ತು ಸುತ್ತಿನ ಭೀಮಾ ಸೀಮೆಯ ಹಳ್ಳಿಗಳಲ್ಲಿ ಈ ಪ್ರಶ್ನೆ ಈಗ ಕಟ್ಟೆಯ ಮೇಲೂ ಕೇಳಿಬರುತ್ತದೆ. ಪುಣೆಯಲ್ಲಿ ಕೆಲಸ ಹಿಡಿದ ಮಕ್ಕಳು ಅಪ್ಪ-ಅವ್ವನನ್ನು ಒಮ್ಮೆ ವಿಮಾನ ಹತ್ತಿಸಬೇಕು ಅನ್ನುತ್ತಾರೆ. ನಿವೃತ್ತರಾದ ಕನ್ನಡ ಶಾಲೆಯ ಮಾಸ್ತರರು ಅಟ್ಲಾಸ್‌ನಲ್ಲಿ ಪಾಠ ಮಾಡಿದ ಊರುಗಳನ್ನು ಕಣ್ಣಾರೆ ನೋಡಬೇಕು ಅನ್ನುತ್ತಾರೆ. ಕಬ್ಬಿನ ಬಿಲ್ಲು ಚೆನ್ನಾಗಿ ಬಂದ ವರ್ಷ ರೈತರ ಮನೆಯಲ್ಲೂ ಆ ಮಾತು ಏಳುತ್ತದೆ. ಎಲ್ಲರೂ ಕೇಳುವುದು ಒಂದೇ: "ಯಾವ ದೇಶ ಸ್ವಸ್ತ?"

ಇಲ್ಲಿ ಸಂಶಯ ಹುಟ್ಟುತ್ತದೆ. ಅಗ್ಗ ಎಂಬುದು ಆ ದೇಶದ ಗುಣವೋ, ಹೋಗುವವರ ಸ್ಥಿತಿಗೆ ಸೇರಿದ್ದೋ? ದೇಶದ ಗುಣವಾದರೆ ಒಂದು ಪಟ್ಟಿ ಕೊಟ್ಟು ಮಾತು ಮುಗಿಸಬಹುದು. ಎರಡನೆಯದೇ ನಿಜವೆಂದು ನನ್ನ ನಿಶ್ಚಯ. ಹೋಗುವವರು ಯಾರು, ಎಲ್ಲಿಂದ ಹೊರಡುತ್ತಾರೆ, ಯಾವ ತಿಂಗಳು, ಎಷ್ಟು ದಿನ, ಏನು ನೋಡಲು ಎಂಬುದು ತಿಳಿಯದೆ ಯಾವ ದೇಶವನ್ನೂ ಅಗ್ಗ ಎನ್ನುವಂತಿಲ್ಲ.

ಇದಕ್ಕೆ ಪ್ರಮಾಣ ನಮ್ಮ ಗಡಿಯಲ್ಲೇ ಇದೆ. ಅಫಜಲಪುರದಿಂದ ಗಾಣಗಾಪುರಕ್ಕೆ ಹೋಗುವ ಕರ್ನಾಟಕದ ಬಸ್ಸಿನಲ್ಲಿ ಅಕ್ಕ-ತಂಗಿ ಪಕ್ಕಪಕ್ಕ ಕುಳಿತಿದ್ದಾರೆ ಎಂದುಕೊಳ್ಳಿ. ಅಕ್ಕನನ್ನು ಅಫಜಲಪುರಕ್ಕೆ ಕೊಟ್ಟಿದ್ದಾರೆ, ತಂಗಿಯನ್ನು ತಡವಳಕ್ಕೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಅಕ್ಕನಿಗೆ ಟಿಕೆಟ್ ದುಡ್ಡಿಲ್ಲ. ತಂಗಿಯ ಆಧಾರ್ ಕಾರ್ಡಿನಲ್ಲಿ ಸೊಲ್ಲಾಪುರ ಜಿಲ್ಲೆ ಇರುವುದರಿಂದ ಆಕೆ ಪೂರ್ತಿ ಟಿಕೆಟ್ ತೆಗೆಯಬೇಕು. ಇತ್ತ ಮಹಾರಾಷ್ಟ್ರದ ಎಸ್‌ಟಿ ಬಸ್ಸುಗಳಲ್ಲಿ ಅದೇ ವರ್ಷದ ಮಾರ್ಚ್‌ನಿಂದ ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟ್, ಅದೂ ರಾಜ್ಯದ ಗಡಿಯವರೆಗೆ ಮಾತ್ರ. ಒಂದೇ ಬಸ್ಸು, ಒಂದೇ ದಾರಿ, ಅಕ್ಕಪಕ್ಕದ ಸೀಟು, ಆದರೂ ದರ ಬೇರೆ. ಮಹಾಜನ ಆಯೋಗ 1967ರಲ್ಲಿ ಅಕ್ಕಲಕೋಟವನ್ನು ಕರ್ನಾಟಕಕ್ಕೆ ಸೇರಿಸಲು ಹೇಳಿತ್ತು, ಅದು ಆಗಲಿಲ್ಲ. ಆ ವಾದ ಇಲ್ಲಿ ಬೇಡ. ಕೂತವರ ಕೈಯಲ್ಲಿರುವ ಕಾಗದವೂ ಸೀಟಿನ ಬೆಲೆಯನ್ನು ಗೊತ್ತು ಮಾಡುತ್ತದೆ ಎಂಬುದು ನಮಗೆ ಯಾರೂ ಕಲಿಸಬೇಕಾದ ಪಾಠವಲ್ಲ ಎಂದಷ್ಟೇ ಹೇಳಬೇಕಿತ್ತು.

ದೇಶಗಳ ನಡುವೆಯೂ ಇದೇ ಲೆಕ್ಕ. ಭೂತಾನಿಗೆ ಹೋಗುವ ಭಾರತೀಯರು ತಲೆಗೆ ಒಂದು ರಾತ್ರಿಗೆ 1,200 ರೂಪಾಯಿ ಶುಲ್ಕ ಕಟ್ಟಬೇಕು, ಬೇರೆ ವಿದೇಶಿಯರು 100 ಡಾಲರ್ ಕಟ್ಟಬೇಕು. ಯುರೋಪಿನವರಿಗೆ ಹೋಲಿಸಿದರೆ ನಮಗೆ ಅಗ್ಗ, ನಿಜ. ಆದರೆ ದೊಡ್ಡವರು ನಾಲ್ಕು ಜನ ಏಳು ರಾತ್ರಿ ಉಳಿದರೆ ಈ ಶುಲ್ಕವೇ 33,600 ರೂಪಾಯಿ ಆಗುತ್ತದೆ. ಊಟ, ವಸತಿ, ಗಾಡಿ ಎಲ್ಲ ಅದರ ಮೇಲೆ. ವೀಸಾ ಬೇಡ, ಅಲ್ಲಿನ ಙುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ, ಪಕ್ಕದ ದೇಶ. ಇಷ್ಟೆಲ್ಲ ಇದ್ದರೂ ಅದು ನಮಗೆ ಅಗ್ಗದ ದೇಶವಲ್ಲ.

ಈಗ ಪೂರ್ವಪಕ್ಷಗಳನ್ನು, ಅಂದರೆ ಎದುರು ವಾದಗಳನ್ನು ನೋಡೋಣ. ಮೊದಲನೆಯದು ಎಲ್ಲರ ಬಾಯಲ್ಲಿರುವುದು: "ನಮ್ಮ ರೂಪಾಯಿಗೆ ಎಲ್ಲಿ ಹೆಚ್ಚು ದುಡ್ಡು ಸಿಗುತ್ತದೋ ಅದೇ ಅಗ್ಗದ ದೇಶ. ವಿಯೆಟ್ನಾಂನಲ್ಲಿ ಒಂದು ರೂಪಾಯಿಗೆ ಮುನ್ನೂರರ ಆಸುಪಾಸು ಡಾಂಗ್ ಬರುತ್ತದೆ, ಹತ್ತು ಸಾವಿರ ರೂಪಾಯಿ ಒಯ್ದರೆ ಲಕ್ಷಾಧಿಪತಿ." ಇದು ಪೂರ್ತಿ ತಪ್ಪು. ಒಂದು ರೂಪಾಯಿಗೆ ಒಂದಕ್ಕಿಂತ ಹೆಚ್ಚು ಜಪಾನಿ ಯೆನ್ ಬರುತ್ತದೆ, ದಕ್ಷಿಣ ಕೊರಿಯಾದ ವೊನ್ ಹತ್ತಕ್ಕೂ ಮೇಲೆ ಬರುತ್ತದೆ. ಹಾಗೆಂದು ಟೋಕಿಯೊ, ಸೋಲ್ ನಗರಗಳಲ್ಲಿ ಬಡ ಪ್ರಯಾಣಿಕರಿಗೆ ಸುಖವಿಲ್ಲ. ನೋಟಿನ ಮೇಲಿನ ಸೊನ್ನೆಗಳು ಆ ದೇಶದ ಹಳೆಯ ಹಣದುಬ್ಬರದ ಕತೆ ಹೇಳುತ್ತವೆ, ಇಂದಿನ ಊಟದ ಬೆಲೆಯನ್ನಲ್ಲ. ಕೇಳಬೇಕಾದದ್ದು ನೂರು ರೂಪಾಯಿಗೆ ಎಷ್ಟು ನೋಟು ಬಂತೆಂದಲ್ಲ, ನೂರು ರೂಪಾಯಿಗೆ ಹೊಟ್ಟೆ ತುಂಬುತ್ತದೆಯೇ ಎಂದು. ವಿಯೆಟ್ನಾಂ ಕಡಿಮೆ ಖರ್ಚಿನ ದೇಶವೇ, ಆದರೆ ಕಾರಣ ಡಾಂಗ್ ಅಲ್ಲ. ಬೀದಿ ಬದಿಯ ಊಟ, ಮನೆಮಂದಿಯೇ ನಡೆಸುವ ಚಿಕ್ಕ ವಸತಿಗೃಹಗಳು, ಉದ್ದ ದಾರಿಗೆ ಮಲಗಿ ಹೋಗುವ ರಾತ್ರಿ ಬಸ್ಸುಗಳು ಅಲ್ಲಿ ನಿಜವಾಗಿ ಕೈಗೆಟಕುತ್ತವೆ.

ಎರಡನೆಯ ಪೂರ್ವಪಕ್ಷಕ್ಕೆ ಹೆಚ್ಚು ಬಲವಿದೆ: "ದಿನದ ಖರ್ಚು ಕಡಿಮೆ ಇರುವ ದೇಶವನ್ನೇ ಅಗ್ಗದ ದೇಶ ಅಂದರೆ ಸಾಕಲ್ಲ?" ಸಾಲದು. ತಡವಳದವರಿಗೆ ಪ್ರಯಾಣ ಶುರುವಾಗುವುದು ಮುಂಬೈ ವಿಮಾನ ನಿಲ್ದಾಣದಿಂದಲ್ಲ, ತಮ್ಮ ಹೊಸ್ತಿಲಿನಿಂದ. ಸೊಲ್ಲಾಪುರದ ಹೋಟಗಿ ರಸ್ತೆಯ ವಿಮಾನ ನಿಲ್ದಾಣದಿಂದ 2025ರ ಜೂನ್‌ನಲ್ಲಿ ಗೋವಾಕ್ಕೆ ವಿಮಾನ ಶುರುವಾಯಿತು. ಆದರೆ ಹೊರದೇಶಕ್ಕೆ ಹೋಗಬೇಕೆಂದರೆ ಪುಣೆ, ಹೈದರಾಬಾದ್ ಅಥವಾ ಮುಂಬೈಯೇ ಗತಿ. ಅಲ್ಲಿಯವರೆಗಿನ ರೈಲು, ಹಿಂದಿನ ರಾತ್ರಿಯ ಲಾಡ್ಜು, ನಡುರಾತ್ರಿಯ ಟ್ಯಾಕ್ಸಿ ಎಲ್ಲವೂ ಲೆಕ್ಕಕ್ಕೆ ಬರಬೇಕು. ವಿಯೆಟ್ನಾಂಗೆ ಹೋಗಿ ಬರುವ ವಿಮಾನಕ್ಕೆ 28,000 ರೂಪಾಯಿ, ಅಲ್ಲಿ ದಿನಕ್ಕೆ 2,500 ಎಂದಿಟ್ಟುಕೊಳ್ಳಿ. ನಾಲ್ಕು ದಿನ ಇದ್ದು ಬಂದರೆ ದಿನಕ್ಕೆ 9,500 ಬಿದ್ದಂತಾಯಿತು. ಹದಿನಾಲ್ಕು ದಿನ ಇದ್ದರೆ ದಿನಕ್ಕೆ 4,500. ದೇಶ ಅದೇ, ವಿಮಾನ ಅದೇ, ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. ಆದ್ದರಿಂದ ನಾಲ್ಕೇ ದಿನ ರಜೆ ಇದ್ದವರಿಗೆ ವಿಯೆಟ್ನಾಂ ದುಬಾರಿ ದೇಶ, ಹದಿನೈದು ದಿನ ಬಿಡುವಿರುವ ನಿವೃತ್ತರಿಗೆ ಅಗ್ಗದ ದೇಶ. ದಿನಖರ್ಚಿನ ಪಟ್ಟಿಗಳು ಹೇಳದೆ ಬಿಡುವ ಮಾತು ಇದೇ.

ಬಾಗಿಲ ಖರ್ಚನ್ನೂ, ಅಂದರೆ ವೀಸಾ ಶುಲ್ಕವನ್ನೂ ಇದರೊಳಗೇ ಸೇರಿಸಬೇಕು. ಯುರೋಪಿನ ಶೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. ವೀಸಾ ಕೊಡದಿದ್ದರೂ ಆ ಹಣ ಮರಳುವುದಿಲ್ಲ. ವಿಯೆಟ್ನಾಂನ ಇ-ವೀಸಾಕ್ಕೆ 25 ಡಾಲರ್, ಅದನ್ನು ಸರ್ಕಾರಿ ತಾಣದಲ್ಲೇ ಕಟ್ಟಬೇಕು. ಅದರ ಹೆಸರನ್ನು ಹೋಲುವ ಖಾಸಗಿ ತಾಣಗಳು ಹೆಚ್ಚು ಕೀಳುತ್ತವೆ. ನೇಪಾಳಕ್ಕೆ ವೀಸಾ ಇಲ್ಲ. ನೆಲದ ಮೇಲೆ ಹೋದರೂ ವಿಮಾನದಲ್ಲಿ ಹೋದರೂ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ಆಧಾರ್ ಕಾರ್ಡೊಂದನ್ನೇ ನಂಬಿ ಹೊರಡಬೇಡಿ; ಊರಲ್ಲಿ ಎಲ್ಲದಕ್ಕೂ ಅದೇ ನಡೆಯುವುದರಿಂದ ಜನ ಇಲ್ಲಿ ತಪ್ಪುತ್ತಾರೆ.

ಮುಂದಿನ ಪೂರ್ವಪಕ್ಷ ಕಾಲದ್ದು: "ಆಫ್ ಸೀಸನ್ನಿನಲ್ಲಿ ಹೋದರೆ ಎಲ್ಲ ಕಡೆಯೂ ಅಗ್ಗ." ಯಾರ ಸೀಸನ್ನು? ನೇಪಾಳದ ಹಿಮಶಿಖರಗಳು ಸ್ವಚ್ಛವಾಗಿ ಕಾಣುವುದು ಅಕ್ಟೋಬರ್, ನವೆಂಬರ್‌ನಲ್ಲಿ. ನಮ್ಮಲ್ಲಿ ಅದು ಹಿಂಗಾರಿ ಜೋಳದ ಬಿತ್ತನೆ, ಎಡೆ ಹೊಡೆಯುವ ಕಾಲ. ಹೊಲ ಬಿಟ್ಟು ಹೋದರೆ ಆಳಿನ ಕೂಲಿಯೂ ಪ್ರವಾಸದ ಖರ್ಚೇ. ಜೋಳ ಕೊಯ್ದು ರಾಶಿ ಮಾಡಿ ಮನೆಗೆ ತಂದ ಮೇಲೆ, ಮಾರ್ಚ್‌ನಿಂದ ಮುಂಗಾರು ಬರುವವರೆಗೆ ರೈತರಿಗೆ ಬಿಡುವು. ಆಗ ಸೊಲ್ಲಾಪುರದ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಕಠ್ಮಂಡುವಿನಲ್ಲಿ ಹಿತವಾದ ಹವೆ ಇರುತ್ತದೆ. ಮಂಜು ಮುಸುಕಿದ ದಿನ ಬೆಟ್ಟ ಕಾಣದೆ ಹೋಗಬಹುದು, ಗುಡಿ-ಊರುಗಳಿಗೆ ಅಡ್ಡಿ ಇಲ್ಲ. ಶ್ರೀಲಂಕಾದ ಕೊಲಂಬೊ, ದಕ್ಷಿಣ ಕರಾವಳಿಗೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದು. ಮೇ ತಿಂಗಳಲ್ಲಿ ಅಲ್ಲಿ ಮಳೆಗಾಲ ಹಿಡಿಯುತ್ತದೆ. ಮಳೆಯಲ್ಲಿ ಕೋಣೆ ಅಗ್ಗಕ್ಕೆ ಸಿಕ್ಕಿ, ಹೊರಗೆ ಕಾಲಿಡಲಾಗದಿದ್ದರೆ ಆ ಅಗ್ಗದಿಂದ ಏನು ಬಂತು?

ಈಗ ಫಲದ ಮಾತು. ಮೀಮಾಂಸಕರು ಯಾವ ಕರ್ಮಕ್ಕೂ ಫಲವೇನೆಂದು ಕೇಳದೆ ಬಿಡುವುದಿಲ್ಲ. ಪ್ರವಾಸದ ಬೆಲೆಯನ್ನು ಅದರ ಫಲದಿಂದ ಭಾಗಿಸಬೇಕು, ಮತ್ತು ಫಲ ಎಷ್ಟೆಂಬುದು ಹೋಗುವವರ ಮನಸ್ಸಿನಲ್ಲಿ ಮೊದಲೇ ಏನಿದೆ ಎಂಬುದನ್ನು ಅವಲಂಬಿಸಿದೆ. ಅಕ್ಕಲಕೋಟದ ಸ್ವಾಮಿ ಸಮರ್ಥರನ್ನು ದತ್ತನ ಅವತಾರವೆಂದು ನಂಬಿದ ಸೀಮೆ ನಮ್ಮದು. ಗಾಣಗಾಪುರ ಒಂದು ದಿನದ ದಾರಿಯೂ ಅಲ್ಲ. ಈ ಸೀಮೆಯವರು ನೇಪಾಳದ ಭಕ್ತಪುರಕ್ಕೆ ಹೋದರೆ ಅಲ್ಲೊಂದು ಚೌಕವೇ ದತ್ತಾತ್ರೇಯನ ಹೆಸರಿನಲ್ಲಿದೆ, ಹದಿನೈದನೆಯ ಶತಮಾನದಲ್ಲಿ ಯಕ್ಷ ಮಲ್ಲ ಕಟ್ಟಿಸಿದ ಗುಡಿ ಇದೆ. ಪಶುಪತಿನಾಥನ ಮೂಲ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕರಾವಳಿಯಿಂದ ಹೋದವರು. ಲುಂಬಿನಿಯಲ್ಲಿ ಅಶೋಕ ನಿಲ್ಲಿಸಿದ ಕಂಬವಿದೆ. ನಮ್ಮ ಭೀಮೆಯೇ ಕೆಳಗೆ ಹರಿದು ಮುಟ್ಟುವ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಅದೇ ಅಶೋಕನ ಚಿತ್ರ, ಹೆಸರು ಸಮೇತ ಕಲ್ಲಿನಲ್ಲಿ ಸಿಕ್ಕಿದೆ. ಇದನ್ನು ಬಲ್ಲ ತಡವಳದ ಮಾಸ್ತರರು ಲುಂಬಿನಿಯ ಕಂಬದ ಮುಂದೆ ನಿಂತಾಗ ಪಡೆಯುವುದನ್ನು, ಅದರ ಎರಡು ಪಟ್ಟು ಹಣ ಸುರಿದು ದುಬೈ ಗೋಪುರದ ಬುಡದಲ್ಲಿ ನಿಂತರೂ ಪಡೆಯುವುದಿಲ್ಲ ಎಂದು ನಾನು ನಂಬುತ್ತೇನೆ.

ದಾರಿಯೂ ಹೇಳಿಬಿಡುತ್ತೇನೆ. ಸೊಲ್ಲಾಪುರದಿಂದ ಮುಂಬೈ ರೈಲು ಹಿಡಿದು ಕಲ್ಯಾಣದಲ್ಲಿ ಇಳಿದರೆ ಗೋರಖಪುರಕ್ಕೆ ಹೋಗುವ ಕುಶಿನಗರ ಎಕ್ಸ್‌ಪ್ರೆಸ್ ದಿನಾಲೂ ಸಿಗುತ್ತದೆ. ಗೋರಖಪುರದಿಂದ ಸೋನೌಲಿ ಗಡಿಗೆ ನೂರು ಕಿಲೋಮೀಟರಿನೊಳಗೆ ಬಸ್ಸು, ಗಡಿ ದಾಟಿದರೆ ಲುಂಬಿನಿ ಹತ್ತಿರ, ಅಲ್ಲಿಂದ ಕಠ್ಮಂಡುವಿಗೆ ಒಂದು ದಿನದ ಬಸ್ಸು. ನಮ್ಮ ನೂರು ರೂಪಾಯಿಗೆ ಅಲ್ಲಿನ 160 ರೂಪಾಯಿ. 1993ರಿಂದ ಈ ದರ ಬದಲಾಗಿಲ್ಲ, ಆದ್ದರಿಂದ ಹೊರಡುವ ಮೊದಲೇ ಖರ್ಚಿನ ಲೆಕ್ಕ ಹಾಕಬಹುದು. ಮರಳುವಾಗ ಕಾಶಿ ಮುಟ್ಟಿ ಬರಬಹುದು. ಅಲ್ಲಿನ ಜಂಗಮವಾಡಿ ಮಠ ನಮ್ಮ ಕಡೆಯವರಿಗೆ ಹೊಸದಲ್ಲ. ಬುತ್ತಿಯ ಮಾತೂ ಇದೆ. ಅಗ್ಗದ ವಿಮಾನಗಳಲ್ಲಿ ಕೈಚೀಲಕ್ಕೆ ಏಳು ಕಿಲೋ ಮಿತಿ, ಮೇಲಾದರೆ ದಂಡ. ರೈಲಿನಲ್ಲಿ ಖಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಅಗಸಿ ಹಿಂಡಿಯ ಡಬ್ಬಿ ಧಾರಾಳವಾಗಿ ಒಯ್ಯಬಹುದು. ಚೆನ್ನಾಗಿ ಒಣಗಿಸಿ ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ ಹದಿನೈದು ದಿನವಾದರೂ ಕೆಡದು, ಅಲ್ಲಿ ಮೊಸರೊಂದು ಸಿಕ್ಕರೆ ಊಟವಾಯಿತು.

"ಇಷ್ಟೆಲ್ಲ ಯೋಚನೆ ಯಾಕೆ, ಟೂರ್ ಕಂಪನಿಯ ಪ್ಯಾಕೇಜೇ ಅಗ್ಗ" ಎಂಬ ವಾದವೂ ಉಂಟು. ಭಾಗಶಃ ಒಪ್ಪುತ್ತೇನೆ. ಮೊಣಕಾಲು ನೋವಿನ ಹಿರಿಯರಿಗೆ, ಮೊದಲ ಸಲ ಒಬ್ಬರೇ ಹೊರಟ ಹೆಣ್ಣುಮಕ್ಕಳಿಗೆ, ಹಿಂದಿ ಕೂಡ ಬಾರದವರಿಗೆ ಜೊತೆಗಾರರು ಇರುವ ಪ್ಯಾಕೇಜು ತಕ್ಕುದು. ಆದರೆ ಜಾಹೀರಾತಿನ ಅಂಕಿಯನ್ನು ಬೆಲೆ ಎಂದು ತಿಳಿಯಬಾರದು. ವೀಸಾ, ಮಧ್ಯಾಹ್ನದ ಊಟ, ಟಿಪ್ಸು, ಪ್ರವೇಶ ಶುಲ್ಕ ಅದರಲ್ಲಿ ಸೇರಿದೆಯೇ ಎಂದು ಬರೆಸಿಕೊಳ್ಳಬೇಕು. ಹೊರದೇಶದ ಪ್ಯಾಕೇಜಿನ ಮೇಲೆ ಟಿಸಿಎಸ್ ಎಂಬ ತೆರಿಗೆಯನ್ನೂ ಮೊದಲೇ ಹಿಡಿಯುತ್ತಾರೆ. ಆದಾಯ ತೆರಿಗೆಯ ರಿಟರ್ನ್ ಸಲ್ಲಿಸಿ ಅದನ್ನು ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಹಣ ಕೈಬಿಟ್ಟಿರುತ್ತದೆ.

ಕೊನೆಯ ಪೂರ್ವಪಕ್ಷ ನೀತಿಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು: "ಅಗ್ಗದ ದೇಶ ಅಂದರೆ ದುಡಿಯುವವರಿಗೆ ಕೂಲಿ ಕಡಿಮೆ ಇರುವ ದೇಶ. ಅವರ ಬಡತನದ ಲಾಭ ತೆಗೆಯುವುದು ಸರಿಯೇ?" ಶ್ರೀಲಂಕಾ 2022ರ ಏಪ್ರಿಲ್‌ನಲ್ಲಿ ಹೊರದೇಶದ ಸಾಲ ಕಟ್ಟುವುದನ್ನು ನಿಲ್ಲಿಸಿತು. ಡಾಲರಿಗೆ ಇನ್ನೂರರಷ್ಟಿದ್ದ ಅದರ ರೂಪಾಯಿ ಕೆಲವೇ ವಾರಗಳಲ್ಲಿ ಮುನ್ನೂರೈವತ್ತು ದಾಟಿತು. ಹೊರಗಿನವರಿಗೆ ಎಲ್ಲ ಅಗ್ಗವಾಯಿತು, ಊರಿನವರು ಪೆಟ್ರೋಲಿಗೆ ದಿನಗಟ್ಟಲೆ ಸರದಿ ನಿಂತರು. ಅಗ್ಗದಲ್ಲಿ ಎರಡು ಬಗೆ ಇದೆ: ಸರ್ಕಾರಿ ರೈಲು, ಬಸ್ಸು, ಸರಳ ವಸತಿಗಳಿಂದ ಬರುವ ಅಗ್ಗ ಒಂದು, ಸಂಕಟದಿಂದ ಬರುವ ಅಗ್ಗ ಇನ್ನೊಂದು. ಮೊದಲನೆಯದನ್ನು ಹುಡುಕಿಕೊಂಡು ಹೋಗಬಹುದು. ಎರಡನೆಯದರ ಹೊತ್ತಿನಲ್ಲಿ ಹೋಗುವುದು ತಪ್ಪಲ್ಲ, ವಿದೇಶಿ ಹಣ ಬೇಕಾದ ದೇಶಕ್ಕೆ ಪ್ರವಾಸಿಗರು ಆಸರೆಯೇ. ಆದರೆ ಅಲ್ಲಿ ಚೌಕಾಸಿ ಮಾಡುವುದು ತಪ್ಪು. ಸೊಲ್ಲಾಪುರದ ಚಾದರ ಕೊಳ್ಳಲು ಬಂದವರು ಹತ್ತು ರೂಪಾಯಿಗಾಗಿ ಹಿಡಿದು ನಿಂತಾಗ ಮಗ್ಗದ ಮನೆಯವರ ಮುಖ ಹೇಗಾಗುತ್ತದೆ ಎಂದು ನೋಡಿ ಬೆಳೆದವರು ನಾವು. ಕ್ಯಾಂಡಿಯ ಆಟೋದವರೊಡನೆ, ಹನೋಯಿಯ ಹಣ್ಣಿನ ಬುಟ್ಟಿಯವಳೊಡನೆ ಹಾಗೆ ನಡೆದುಕೊಳ್ಳುವ ಹಕ್ಕು ನಮಗಿಲ್ಲ. ಉಳಿತಾಯವನ್ನು ದಿನ, ದಾರಿ, ಕಾಲ, ವಸತಿಗಳ ಆಯ್ಕೆಯಲ್ಲಿ ಮಾಡಬೇಕು, ಎದುರಿನವರ ಕೂಲಿಯಲ್ಲಲ್ಲ.

ಹಾಗಾದರೆ ನಿರ್ಣಯ. ತಡವಳದಿಂದ ಮೊದಲ ಸಲ ಹೊರಡುವವರಿಗೆ ನೇಪಾಳವೇ ಅಗ್ಗದ ದೇಶ, ಜೋಳದ ರಾಶಿ ಮುಗಿದ ಮೇಲೆ, ರೈಲಿನಲ್ಲಿ. ಎರಡನೆಯದು ಶ್ರೀಲಂಕಾ, ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರನ ಜಾತ್ರೆ ಮುಗಿಸಿಕೊಂಡು. ನಾಗಪಟ್ಟಣದಿಂದ ಕಾಂಕೇಸಂತುರೈಗೆ 2023ರಲ್ಲಿ ಮತ್ತೆ ಶುರುವಾದ ಹಡಗು ನಡೆಯುತ್ತಿದೆಯೇ ಎಂದು ಮೊದಲು ವಿಚಾರಿಸಿ, ಇಲ್ಲವಾದರೆ ವಿಮಾನ. ವಿಯೆಟ್ನಾಂ ಎರಡು ವಾರ ಬಿಡುವಿದ್ದವರಿಗೆ ಮಾತ್ರ. ಥಾಯ್ಲೆಂಡ್, ಮಲೇಷ್ಯಾಗಳು 2023ರ ಕೊನೆಯಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ ಬಾಗಿಲು ತೆರೆದವು; ಇಂಥ ನಿಯಮಗಳು ಬದಲಾಗುತ್ತವೆ, ಟಿಕೆಟ್ ತೆಗೆಯುವ ದಿನ ಆಯಾ ದೇಶದ ಸರ್ಕಾರಿ ತಾಣವನ್ನೇ ನೋಡಿ. ಸಾಲ ತೆಗೆದು ಎಲ್ಲಿಗೂ ಹೋಗಬೇಡಿ. ಬಡ್ಡಿ ಕಟ್ಟುವ ಪ್ರವಾಸಕ್ಕೆ ಅಗ್ಗದ ದೇಶವೇ ಇಲ್ಲ. ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡವಾದರೂ ಈಗಲೇ ಒಂದು ಮಾಡಿಸಿಟ್ಟುಕೊಳ್ಳಿ: 36 ಪುಟದ್ದಕ್ಕೆ 1,500 ರೂಪಾಯಿ, ದೊಡ್ಡವರಿಗೆ ಹತ್ತು ವರ್ಷ ನಡೆಯುತ್ತದೆ, ಅವಸರಕ್ಕೆ ತತ್ಕಾಲ್‌ನಲ್ಲಿ ಮಾಡಿಸಿದರೆ ಇನ್ನೂ 2,000 ಹೆಚ್ಚು ಹೋಗುತ್ತದೆ.