ಕಾರಣವೂ ಜವಾಬ್ದಾರಿಯೂ

'ದೈವ' ಎಂಬ ಒಂದು ಮಾತು ನಮ್ಮ ಗಡಿನಾಡಿನಲ್ಲಿ ಮೂರು ಅರ್ಥಗಳಲ್ಲಿ ಓಡಾಡುತ್ತದೆ. ಮಲಯಾಳ ಮಾತಾಡುವವರಿಗೆ ಅದು ದೇವರು. ತುಳುವರಿಗೆ ಕೋಲದಲ್ಲಿ ನುಡಿ ಕೊಡುವ ಭೂತ. ಕನ್ನಡದಲ್ಲಿ ಅದಕ್ಕೆ ದೇವರೆಂಬ ಅರ್ಥದ ಜೊತೆಗೆ ವಿಧಿ, ಹಣೆಬರಹ ಎಂಬ ಅರ್ಥವೂ ಇದೆ. ಆದರೆ ಕಷ್ಟ ಬಂದಾಗ ಈ ಮೂರು ಅರ್ಥಗಳೂ ಒಂದೇ ಕೆಲಸಕ್ಕೆ ನಿಲ್ಲುತ್ತವೆ. 'ಎಲ್ಲ ದೈವದ ಆಟ, ನಾವೇನು ಮಾಡುವುದಕ್ಕಿದೆ' ಎಂದು ಮಾತು ಮುಗಿಯುತ್ತದೆ. ನಾಲ್ಕಕ್ಷರ ಕಲಿತವರು ಈಗ ಹೀಗೆ ಹೇಳುವುದಿಲ್ಲ. 'ಎಲ್ಲ ಮೆದುಳಿನ ಆಟ, ಜೀನಿನಲ್ಲಿ ಬರೆದದ್ದು' ಎನ್ನುತ್ತಾರೆ. ಮಾತು ಬದಲಾಗಿದೆ, ಅದರಿಂದ ಆಗುವ ಕೆಲಸ ಬದಲಾಗಿಲ್ಲ.

ಮನುಷ್ಯನ ಇಚ್ಛೆ, ಪ್ರಜ್ಞೆ ಮತ್ತು ದೇವರು, ಈ ಮೂರರ ಬಗ್ಗೆ ವಿಜ್ಞಾನಕ್ಕೆ ಮಾತಾಡುವ ಅಧಿಕಾರವಿದೆಯೇ ಎಂಬ ಚರ್ಚೆ ಹಳೆಯದು. ಅಲ್ಲಿಗೆ ವಿಜ್ಞಾನ ಕಾಲಿಡಕೂಡದು ಎನ್ನುವವರು ಒಂದು ಕಡೆ. ವಿಜ್ಞಾನ ಆಗಲೇ ಎಲ್ಲವನ್ನೂ ತೀರ್ಮಾನಿಸಿ ಆಗಿದೆ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತೂ ನನಗೆ ಸರಿ ಕಾಣುವುದಿಲ್ಲ. ನಾನು ವಿಜ್ಞಾನಿಯೂ ಅಲ್ಲ, ವೇದಾಂತಿಯೂ ಅಲ್ಲ. ಬಿ.ಎ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಆದರೆ ಈ ಪ್ರಶ್ನೆ ಪಂಡಿತರದು ಮಾತ್ರ ಎಂದು ಬಿಟ್ಟುಬಿಡಲು ಸಾಧ್ಯವಿಲ್ಲವೆಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಇಚ್ಛೆಯ ವಿಷಯ. 1983ರಲ್ಲಿ ಅಮೆರಿಕದ ಬೆಂಜಮಿನ್ ಲಿಬೆಟ್ ಎಂಬ ವಿಜ್ಞಾನಿ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಕುಳಿತವರ ತಲೆಗೆ ವಿದ್ಯುತ್ ಅಲೆಗಳನ್ನು ದಾಖಲಿಸುವ ತಂತಿಗಳನ್ನು ಜೋಡಿಸಿ, ಎದುರಿಗೆ ಗಡಿಯಾರದಂತೆ ವೇಗವಾಗಿ ಸುತ್ತುವ ಒಂದು ಚುಕ್ಕೆಯನ್ನಿಟ್ಟರು. 'ನಿಮಗೆ ಮನಸ್ಸು ಬಂದಾಗ ಕೈಯನ್ನು ಅಲುಗಿಸಿ. ಮನಸ್ಸು ಬಂದ ಕ್ಷಣದಲ್ಲಿ ಚುಕ್ಕೆ ಎಲ್ಲಿತ್ತೆಂದು ಹೇಳಿ' ಎಂದರು. ಕೈ ಅಲುಗುವುದಕ್ಕೆ ಸುಮಾರು 200 ಮಿಲಿಸೆಕೆಂಡು ಮುಂಚೆ 'ಅಲುಗಿಸೋಣ' ಎಂಬ ಅರಿವು ಉಂಟಾಗುತ್ತದೆಂದು ಜನ ಹೇಳಿದರು. ಆದರೆ ಮೆದುಳಿನ ಸಿದ್ಧತೆಯ ಅಲೆ ಸುಮಾರು 550 ಮಿಲಿಸೆಕೆಂಡು ಮುಂಚೆಯೇ ಎದ್ದಿತ್ತು. ಅಂದರೆ 'ನಾನು' ನಿರ್ಧರಿಸುವ ಮೊದಲೇ ಮೆದುಳು ಹೊರಟಾಗಿತ್ತು. 2008ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು ಸ್ಕ್ಯಾನ್ ಯಂತ್ರದೊಳಗೆ ಮಲಗಿದವರು ಎಡಗುಂಡಿ ಒತ್ತುವರೋ ಬಲಗುಂಡಿ ಒತ್ತುವರೋ ಎಂಬುದನ್ನು ಕೆಲವು ಸೆಕೆಂಡುಗಳ ಮೊದಲೇ ಊಹಿಸಿದರು. ಸ್ವತಂತ್ರ ಇಚ್ಛೆ ಸತ್ತಿತೆಂದು ಎಷ್ಟೋ ಪತ್ರಿಕೆಗಳು ಬರೆದವು.

ಆದರೆ ಲೆಕ್ಕವನ್ನು ಪೂರ್ತಿ ನೋಡಬೇಕು. ಲೈಪ್‌ಜಿಗ್‌ನ ಊಹೆ ಸರಿಯಾದದ್ದು ನೂರಕ್ಕೆ ಸುಮಾರು 60 ಸಲ. ನಾಣ್ಯ ಹಾರಿಸಿ ಹೇಳಿದರೂ 50 ಸಲ ಸರಿಯಾಗುತ್ತದೆ. 2012ರಲ್ಲಿ ಆರನ್ ಶರ್ಗರ್ ಮತ್ತು ಸಂಗಡಿಗರು ಲಿಬೆಟ್ ಕಂಡ ಅಲೆಗೇ ಬೇರೊಂದು ವಿವರಣೆ ಕೊಟ್ಟರು. ಮೆದುಳಿನಲ್ಲಿ ಸದಾ ನಡೆಯುವ ಏರಿಳಿತಗಳು ಒಂದು ಮಟ್ಟವನ್ನು ದಾಟಿದಾಗ ಕೈ ಅಲುಗುತ್ತದೆ. ಆ ಕ್ಷಣದಿಂದ ಹಿಂದಕ್ಕೆ ಎಣಿಸಿ ಸರಾಸರಿ ತೆಗೆದರೆ ಅದು 'ಸಿದ್ಧತೆ'ಯಂತೆ ಕಾಣುತ್ತದೆ ಎಂದರು. 2019ರ ಪ್ರಯೋಗವೊಂದು ನನ್ನ ಮಟ್ಟಿಗೆ ಇನ್ನೂ ಮುಖ್ಯ. ಎರಡು ಸೇವಾಸಂಸ್ಥೆಗಳಲ್ಲಿ ಒಂದನ್ನು ಆರಿಸಲು ಜನರಿಗೆ ಹೇಳಿದರು. ಕೆಲವು ಸಲ ಯಾವುದನ್ನು ಆರಿಸಿದರೂ ಹಣ ಎರಡಕ್ಕೂ ಸಮನಾಗಿ ಹೋಗುತ್ತಿತ್ತು. ಕೆಲವು ಸಲ ಆರಿಸಿದ ಸಂಸ್ಥೆಗೆ ಮಾತ್ರ 1000 ಡಾಲರು ಸಿಗುವ ಸಾಧ್ಯತೆಯಿತ್ತು. ಏನನ್ನು ಆರಿಸಿದರೂ ಒಂದೇ ಎಂದಾಗ ಲಿಬೆಟ್ ಕಂಡ ಅಲೆ ಕಾಣಿಸಿತು. ಆಯ್ಕೆಗೆ ಬೆಲೆಯಿದ್ದಾಗ ಅದು ಹೆಚ್ಚುಕಡಿಮೆ ಕಾಣಿಸಲೇ ಇಲ್ಲ.

ಬೆರಳು ಅಲುಗಿಸುವ ಪ್ರಯೋಗದಿಂದ ಮಗಳ ಮದುವೆಗೆ ಗದ್ದೆ ಅಡವಿಡುವ ತಂದೆಯ ನಿರ್ಧಾರವನ್ನು ಅಳೆಯಲಾಗದು ಎಂದಷ್ಟು ಇದರಿಂದ ಹೇಳಬಹುದು. ಇಚ್ಛೆ ಸ್ವತಂತ್ರವೆಂದು ಇದರಿಂದ ಸಾಬೀತಾಯಿತೆಂದು ನಾನು ಹೇಳುವುದಿಲ್ಲ. ಗದ್ದೆ ಅಡವಿಡುವ ನಿರ್ಧಾರದ ಹಿಂದೆಯೂ ಮೆದುಳಿದೆ. ಅದರ ಹಿಂದೆ ಸಾಲ, ಮರ್ಯಾದೆ, ನೆಂಟರ ಮಾತು ಎಲ್ಲ ಇವೆ. ಕಾರಣಗಳಿಲ್ಲದ ಇಚ್ಛೆಯನ್ನು ಯಾರೂ ಕಂಡಿಲ್ಲ.

ಹಾಗಾದರೆ ನಾವು 'ಸ್ವಂತ ಇಚ್ಛೆ' ಎನ್ನುವುದು ಏನನ್ನು? ಬ್ಯಾಂಕಿನವನಾದ್ದರಿಂದ ನನಗೆ ಒಂದು ಕಾನೂನು ನೆನಪಾಗುತ್ತದೆ. 1872ರ ಭಾರತೀಯ ಕರಾರು ಕಾಯಿದೆಯ 14ನೆಯ ಕಲಮು, ಸಮ್ಮತಿ ಯಾವಾಗ ಸ್ವತಂತ್ರವೆಂದು ಹೇಳುತ್ತದೆ. ಅದು ಮೆದುಳಿನ ಸುದ್ದಿಗೇ ಹೋಗುವುದಿಲ್ಲ. ಬಲಾತ್ಕಾರ ನಡೆಯಿತೇ, ಮೇಲಿನವನು ತನ್ನ ಸ್ಥಾನದ ಒತ್ತಡ ಹೇರಿದನೇ, ಮೋಸವಾಯಿತೇ, ಸುಳ್ಳು ವಿವರ ಕೊಟ್ಟರೇ, ತಿಳಿವಳಿಕೆಯಲ್ಲಿ ತಪ್ಪಾಯಿತೇ ಎಂಬ ಐದು ವಿಷಯಗಳನ್ನಷ್ಟೇ ನೋಡುತ್ತದೆ. ಓದು ಬಾರದ ಅಜ್ಜಿಯೊಬ್ಬಳು ಕೌಂಟರಿನ ಮುಂದೆ ಹೆಬ್ಬೆಟ್ಟು ಒತ್ತುವಾಗ ಕಾಗದದಲ್ಲೇನಿದೆಯೆಂದು ಅವಳಿಗೆ ತಿಳಿಯುವ ಭಾಷೆಯಲ್ಲಿ, ತುಳುವಿನಲ್ಲೋ ಮಲಯಾಳದಲ್ಲೋ, ಓದಿ ಹೇಳಬೇಕು. ಹೇಳದಿದ್ದರೆ ಆ ಹೆಬ್ಬೆಟ್ಟಿನ ಗುರುತು ಅವಳದೇ ಹೌದು, ಇಚ್ಛೆ ಅವಳದಲ್ಲ. ಇಲ್ಲಿ ಸ್ವಾತಂತ್ರ್ಯವೆಂದರೆ ತನ್ನ ಮೆದುಳಿನಿಂದ ಬಿಡುಗಡೆಯಲ್ಲ, ಇನ್ನೊಬ್ಬರ ಮೋಸ ಮತ್ತು ಬಲದಿಂದ ಬಿಡುಗಡೆ.

ನಮ್ಮ ಹಿಂದಿನವರೂ ಇದೇ ಗಂಟನ್ನು ಬಿಡಿಸಲು ನೋಡಿದ್ದಾರೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಜೀವನು ಕರ್ತೃವೇ ಅಲ್ಲವೇ ಎಂಬ ವಿಚಾರವಿದೆ. ಅಲ್ಲಿಯ ವಾದ ಸರಳ: ಜೀವನು ಮಾಡುವವನಲ್ಲದಿದ್ದರೆ, 'ಇದನ್ನು ಮಾಡು, ಅದನ್ನು ಬಿಡು' ಎಂದು ಶಾಸ್ತ್ರ ಹೇಳುವುದಕ್ಕೆ ಅರ್ಥವೇ ಇರುವುದಿಲ್ಲ. ಮುಂದೆ, ಆ ಕರ್ತೃತ್ವ ಪರಮಾತ್ಮನ ಅಧೀನವೆಂದೂ ಹೇಳಿದೆ. ಹದಿಮೂರನೆಯ ಶತಮಾನದಲ್ಲಿ ಮಧ್ವಾಚಾರ್ಯರು ಇವೆರಡನ್ನೂ ಒಟ್ಟಿಗೆ ಹಿಡಿದರು. ಜೀವನ ಕರ್ತೃತ್ವ ನಿಜ, ಆದರೆ ಅದು ಸ್ವತಂತ್ರವಲ್ಲ, ದೇವರು ಕೊಟ್ಟದ್ದು ಎಂದರು. ಅವರಿಗೂ ತ್ರಿವಿಕ್ರಮ ಪಂಡಿತಾಚಾರ್ಯರಿಗೂ ದಿನಗಟ್ಟಲೆ ವಾದ ನಡೆದದ್ದು ನಮ್ಮ ಕುಂಬಳೆ ಸೀಮೆಯಲ್ಲೇ, ಅರಸು ಜಯಸಿಂಹನ ಕಾಲದಲ್ಲಿ ಎಂಬುದು ಸಂಪ್ರದಾಯ. ದೇವರ ಇಚ್ಛೆಯಿಲ್ಲದೆ ಏನೂ ನಡೆಯದು ಎಂದವರು ಕೂಡ ಮನುಷ್ಯನನ್ನು ಕರ್ತವ್ಯದಿಂದ ಬಿಡಿಸಲಿಲ್ಲ. ಇದನ್ನು 'ಎಲ್ಲ ದೈವದ ಆಟ' ಎನ್ನುವವರು ಗಮನಿಸಬೇಕು.

ಎರಡನೆಯದು ಪ್ರಜ್ಞೆ. ಇಲ್ಲಿ ವಿಜ್ಞಾನ ಬರಕೂಡದೆನ್ನುವವರಿಗೆ 2006ರ ಒಂದು ಘಟನೆ ಸಾಕು. ರಸ್ತೆ ಅಪಘಾತದಲ್ಲಿ ಪೆಟ್ಟಾಗಿ ಏನೂ ಅರಿವಿಲ್ಲದವಳೆಂದು ವೈದ್ಯರು ತಿಳಿದಿದ್ದ 23 ವರ್ಷದ ತರುಣಿಯೊಬ್ಬಳನ್ನು ಇಂಗ್ಲೆಂಡಿನಲ್ಲಿ ಏಡ್ರಿಯನ್ ಓವನ್ ತಂಡದವರು ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ, 'ಟೆನಿಸ್ ಆಡುತ್ತಿದ್ದೀ ಎಂದು ಕಲ್ಪಿಸಿಕೋ' ಎಂದರು. ಆರೋಗ್ಯವಂತರಿಗೆ ಹಾಗೆ ಹೇಳಿದಾಗ ಮೆದುಳಿನ ಯಾವ ಭಾಗ ಚುರುಕಾಗುತ್ತದೋ ಅದೇ ಭಾಗ ಅವಳಲ್ಲೂ ಚುರುಕಾಯಿತು. 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಹೇಳಿದ ಮಾತಿಗೆ ಕೈಕಾಲು ಅಲುಗಿಸಿ ಸ್ಪಂದಿಸದ 241 ಮಂದಿಯಲ್ಲಿ 60 ಮಂದಿಯ ಮೆದುಳು ಆ ಮಾತಿಗೆ ಸ್ಪಂದಿಸಿದ್ದು ಕಂಡುಬಂತು. ನಾಲ್ವರಲ್ಲಿ ಒಬ್ಬರು! ಮಲಯಾಳದಲ್ಲಿ 'ಬೋಧ ಹೋಯಿತು' ಎನ್ನುವಲ್ಲಿ, ಕನ್ನಡದಲ್ಲಿ 'ಪ್ರಜ್ಞೆ ತಪ್ಪಿತು' ಎನ್ನುವಲ್ಲಿ, ಹೋಗದೆ ಉಳಿದ ಬೋಧವಿರಬಹುದು ಎಂದು ತಿಳಿಸಿದ್ದು ಯಂತ್ರವೇ ಹೊರತು ನಮ್ಮ ತತ್ವಶಾಸ್ತ್ರವಲ್ಲ.

ಆದರೆ ಮೆದುಳಿನ ಕಣಗಳ ಓಡಾಟದಿಂದ 'ನೋವು' ಎಂಬ ಅನುಭವ ಹೇಗೆ ಹುಟ್ಟುತ್ತದೆ ಎಂಬುದು ಇನ್ನೂ ಬಿಡಿಸಿಲ್ಲ. 1998ರಲ್ಲಿ ವಿಜ್ಞಾನಿ ಕ್ರಿಸ್ಟೋಫ್ ಕಾಖ್, 25 ವರ್ಷದೊಳಗೆ ಪ್ರಜ್ಞೆಯ ಗುರುತು ಮೆದುಳಿನಲ್ಲಿ ಸ್ಪಷ್ಟವಾಗಿ ಸಿಗುತ್ತದೆಂದು ತತ್ವಜ್ಞಾನಿ ಡೇವಿಡ್ ಚಾಮರ್ಸ್‌ರೊಡನೆ ಪಂಥ ಕಟ್ಟಿದ್ದರು. 2023ರಲ್ಲಿ ನ್ಯೂಯಾರ್ಕಿನ ಸಭೆಯಲ್ಲಿ ಸೋಲೊಪ್ಪಿ ದ್ರಾಕ್ಷಾರಸದ ಬಾಟಲಿಗಳನ್ನು ಕೊಟ್ಟರು. ಸೋತದ್ದನ್ನು ನಾಲ್ಕು ಜನರೆದುರು ಒಪ್ಪಿಕೊಳ್ಳುವ ಈ ಗುಣ ವಿಜ್ಞಾನದ ಬಲವೇ ಹೊರತು ದೌರ್ಬಲ್ಯವಲ್ಲ.

ಮನಸ್ಸಿನೊಳಗೆ ಇಣುಕುವ ಸಾಧನಗಳು ಬಂದಾಗ ಬೇರೊಂದು ಪ್ರಶ್ನೆಯೂ ಏಳುತ್ತದೆ. ಆರೋಪಿಗೆ ಮಂಪರು ಔಷಧಿ ಕೊಟ್ಟೋ ಮೆದುಳಿನ ಅಲೆ ಅಳೆದೋ ಸತ್ಯ ತೆಗೆಯಬಹುದೇ? 2010ರ ಮೇ 5ರಂದು, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ, ಕೇರಳದವರೇ ಆದ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಪೀಠ, ಒಪ್ಪಿಗೆಯಿಲ್ಲದೆ ಯಾರ ಮೇಲೂ ಇಂಥ ಪರೀಕ್ಷೆ ನಡೆಸಕೂಡದೆಂದು ತೀರ್ಪು ಕೊಟ್ಟಿತು. ಇಣುಕಲು ಆಗುತ್ತದೆಯೇ ಎಂಬುದು ವಿಜ್ಞಾನದ ಪ್ರಶ್ನೆ. ಇಣುಕಬಹುದೇ ಎಂಬುದು ನಮ್ಮದು.

ಮೂರನೆಯದು ದೇವರು. ಈ ವಿಷಯದಲ್ಲಿ ನಮ್ಮ ಎರಡೂ ರಾಜ್ಯಗಳಿಗೆ ಒಳ್ಳೆಯ ಪರಂಪರೆಯಿದೆ. ತಿರುವಲ್ಲಾದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ನೆಲೆಸಿದ ಎ.ಟಿ. ಕೋವೂರ್, ಪವಾಡವನ್ನು ಪರೀಕ್ಷೆಗೆ ಒಡ್ಡಿ ಗೆದ್ದವರಿಗೆ ಲಕ್ಷ ರೂಪಾಯಿ ಎಂದು ಸವಾಲು ಹಾಕಿದರು. 1976ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳ ತನಿಖೆಗೆ ಸಮಿತಿಯನ್ನೇ ರಚಿಸಿದರು. ದೇವರ ಹೆಸರಿನಲ್ಲಿ ಲೋಕದಲ್ಲಿ ಏನಾದರೂ ನಡೆಯುತ್ತದೆಂದು ಹೇಳಿದರೆ, ಆ ಮಾತು ಪರೀಕ್ಷೆಗೆ ಕೂರಲೇಬೇಕು. 2006ರಲ್ಲಿ ಅಮೆರಿಕದಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದ 1802 ರೋಗಿಗಳ ಮೇಲೆ ನಡೆದ ಅಧ್ಯಯನ, ಅಪರಿಚಿತರ ಪ್ರಾರ್ಥನೆಯಿಂದ ತೊಡಕುಗಳು ಕಡಿಮೆಯಾಗಲಿಲ್ಲವೆಂದು ತೋರಿಸಿತು. ಹಾಗೆಂದು ಆಸ್ಪತ್ರೆಯ ಜಗಲಿಯಲ್ಲಿ ಕೈಮುಗಿದು ಕೂತ ತಾಯಿ ಅವಿವೇಕಿಯೇ? ಅವಳ ಕೈಮುಗಿತ ಔಷಧಿಯ ಲೆಕ್ಕಕ್ಕೆ ಸೇರಿದ್ದಲ್ಲ. ಅದನ್ನು ಔಷಧಿಯೆಂದು ಮಾರುವವನು ಬಂದಾಗ ಮಾತ್ರ ಈ ಅಂಕಿಗಳನ್ನು ಅವನ ಮುಂದಿಡಬೇಕು.

ಈಗ ನಮ್ಮ ಜಿಲ್ಲೆಯ ಮಾತು. 1970ರ ದಶಕದ ಕೊನೆಯಿಂದ 2000ದ ವರೆಗೆ ಇಲ್ಲಿಯ ಸರಕಾರಿ ಸ್ವಾಮ್ಯದ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಊರುಗಳಲ್ಲಿ ಅಂಗವಿಕಲ ಮಕ್ಕಳು ಹುಟ್ಟತೊಡಗಿದಾಗ, ಇದು ಜಟಾಧಾರಿ ದೈವದ ಮುನಿಸೆಂದು ನಂಬಿದವರಿದ್ದರು. ಹೆತ್ತವರು ತಮ್ಮ ಯಾವ ತಪ್ಪಿಗೆ ಈ ಶಿಕ್ಷೆಯೆಂದು ತಮ್ಮನ್ನೇ ಕೇಳಿಕೊಂಡರು. ಎಷ್ಟು ದೊಡ್ಡ ಹೊರೆ! ದೈವದ ಕೋಪವೆಂಬ ಆ ಉತ್ತರ ಇದ್ದಷ್ಟು ಕಾಲ, ಮೇಲೆ ಹಾರುತ್ತಿದ್ದ ಹೆಲಿಕಾಪ್ಟರನ್ನು ಯಾರೂ ಪ್ರಶ್ನಿಸಬೇಕಾಗಿರಲಿಲ್ಲ. ಊರಿನ ವೈದ್ಯರು, ಪತ್ರಕರ್ತರು ಮತ್ತು ನೊಂದವರು ಪ್ರಶ್ನೆ ಎತ್ತಿದ ಮೇಲೆ ನೀರಿನ, ರಕ್ತದ ಪರೀಕ್ಷೆಗಳಾದವು. ತಜ್ಞರ ಸಮಿತಿಗಳು ಒಂದೇ ಮಾತು ಹೇಳಲಿಲ್ಲವೆಂಬುದೂ ನಿಜ. ಆದರೂ ಆ ಪರೀಕ್ಷೆಗಳಿಲ್ಲದೆ ತಾಯಂದಿರ ತಲೆಯ ಮೇಲಿನ ಶಾಪದ ಹೊರೆ ಇಳಿಯುತ್ತಿರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶದಲ್ಲೆಲ್ಲ ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದಿತು. 2022ರಲ್ಲಿ ನೋಡಿದರೆ ಹೆಚ್ಚಿನವರಿಗೆ ಆ ಹಣ ಸಿಕ್ಕಿರಲಿಲ್ಲ.

ನಾನು ಹೇಳಬೇಕೆಂದಿರುವುದು ಇದನ್ನೇ. ಕಾರಣ ಬೇರೆ, ಜವಾಬ್ದಾರಿ ಬೇರೆ. ಕಾರಣವನ್ನು ವಿಜ್ಞಾನ ಹುಡುಕಿ ಕೊಡುತ್ತದೆ. ಅದನ್ನು ಹುಡುಕದೆ ಯಾರ ಮೇಲಾದರೂ ತಪ್ಪು ಹೊರಿಸುವುದು ಅನ್ಯಾಯ. ಪಡ್ರೆಯ ತಾಯಂದಿರಿಗೆ ಆದದ್ದು ಅದೇ. ಆದರೆ ಕಾರಣ ಸಿಕ್ಕಿದಾಗ ಜವಾಬ್ದಾರಿ ತಾನಾಗಿ ಬಂದು ನಿಲ್ಲುವುದಿಲ್ಲ. ಯಾವ ರಾಸಾಯನಿಕವೆಂದು ಪ್ರಯೋಗಾಲಯ ಹೇಳಬಲ್ಲದು. 'ನಾನು ಸುರಿಸಿದೆ, ನಾನು ಉತ್ತರ ಕೊಡುತ್ತೇನೆ' ಎಂದು ಮನುಷ್ಯನೇ ಹೇಳಬೇಕು. ಜವಾಬ್ದಾರಿ ಎಂಬ ಮಾತಿನೊಳಗೆ 'ಜವಾಬು' ಇದೆ, ಅಂದರೆ ಉತ್ತರ. ಮಲಯಾಳದ 'ಉತ್ತರವಾದಿತ್ತ'ದೊಳಗೂ ಉತ್ತರವೇ ಇದೆ. ಒಂದು ಮಾತು ಪರ್ಷಿಯನ್ನಿನ ದಾರಿಯಿಂದ ಬಂತು, ಇನ್ನೊಂದು ಸಂಸ್ಕೃತದಿಂದ. ಎರಡೂ ಒಂದೇ ತಿಳಿವಳಿಕೆಯನ್ನು ಹೊತ್ತು ತಂದಿವೆ: ಹೊಣೆಗಾರನೆಂದರೆ ಕೇಳಿದಾಗ ಉತ್ತರ ಕೊಡುವವನು. ಉತ್ತರ ಕೊಡುವುದು ಕೇಳುವವರ ಎದುರಿಗೆ ನಡೆಯುವ ಕೆಲಸ. ತಲೆಬುರುಡೆಯ ಒಳಗೆ ಎಷ್ಟು ಹುಡುಕಿದರೂ ಅದು ಸಿಗದಿದ್ದರೆ ಆಶ್ಚರ್ಯವಿಲ್ಲ.

ಹೀಗೆ ಹೇಳಿದರೆ ದೇವರಿದ್ದಾನೆಯೇ ಇಲ್ಲವೇ ಎಂಬುದಕ್ಕೆ ಉತ್ತರ ಬರಲಿಲ್ಲವಲ್ಲ ಎಂದು ಕೇಳಬಹುದು. ಬರಲಿಲ್ಲ. ಕೋಲದ ರಾತ್ರಿ ಭೂತ ಕಟ್ಟಿದವನ ಮೆದುಳಿನ ಅಲೆ ಅಳೆದರೂ ಅದು ಬರಲಾರದು. ಅವನ ಮೆದುಳಿನ ಸ್ಥಿತಿ ಮಾತ್ರ ತಿಳಿಯುತ್ತದೆ. ಆದರೆ ನಂಬಿಕೆಯನ್ನು ತೂಗಲು ನಮ್ಮಲ್ಲಿ ಇನ್ನೊಂದು ತಕ್ಕಡಿಯಿದೆ. ಆ ನುಡಿ ಕೇಳಿ ಗಡಿಕಲ್ಲು ಸರಿಸಿದ ಅಣ್ಣ ತಮ್ಮನ ಮುಂದೆ ಬಂದು ನಿಂತು ಉತ್ತರ ಕೊಟ್ಟನೇ, ಅಥವಾ ಅದೇ ನುಡಿಯ ಮರೆಯಲ್ಲಿ ತಪ್ಪಿಸಿಕೊಂಡನೇ? ಮೊದಲನೆಯದಾದರೆ ಆ ನಂಬಿಕೆಗೆ ನನ್ನ ಗೌರವವಿದೆ. ಎರಡನೆಯದಾದರೆ, ಅದನ್ನು ದೈವವೆಂದರೂ ಮೆದುಳೆಂದರೂ ನನಗೆ ವ್ಯತ್ಯಾಸ ಕಾಣುವುದಿಲ್ಲ.