ದ್ಯೂತತ್ಯಾಗ ವ್ರತವೂ ಕ್ರೀಡೆಯ ಪಣವೂ

ಸಪ್ತವ್ಯಸನಗಳನ್ನು ಎಣಿಸುವಾಗ ಆಚಾರ್ಯರು ದ್ಯೂತವನ್ನು ಮೊದಲಿಗೆ ಹೇಳುತ್ತಾರೆ. ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಸಂಗ ಇವೆಲ್ಲ ಅದರ ಬೆನ್ನಿಗೆ ಬರುತ್ತವೆ. ವಸುನಂದಿ ಆಚಾರ್ಯರು ತಮ್ಮ ಶ್ರಾವಕಾಚಾರದಲ್ಲಿ ಈ ವ್ಯಸನದಿಂದ ಕೆಟ್ಟವನಿಗೆ ಯುಧಿಷ್ಠಿರನನ್ನೇ ದೃಷ್ಟಾಂತವಾಗಿ ಕೊಟ್ಟಿದ್ದಾರೆ. ಲೋಕವೆಲ್ಲ ಧರ್ಮರಾಜನೆಂದು ಕರೆದವನನ್ನು ಆರಿಸಿಕೊಂಡುದರಲ್ಲಿ ಗೃಹಸ್ಥರಿಗೆ ಎಚ್ಚರಿಕೆಯುಂಟು. ಸಜ್ಜನಿಕೆಯೊಂದೇ ಈ ವ್ಯಸನದಿಂದ ಕಾಯುವುದಿಲ್ಲ.

ಬೆಂಗಳೂರಿನ ಹೊರವಲಯದ ಜೈನ ಮನೆಗಳಿಗೆ ಈ ಮಾತು ಇಂದು ವಿಶೇಷವಾಗಿ ಅನ್ವಯಿಸುತ್ತದೆ. ಪೀಣ್ಯದ ಯಂತ್ರಾಗಾರಗಳಿಗೂ, ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡ್‌ಗಳ ಸಾಫ್ಟ್‌ವೇರ್ ಕಚೇರಿಗಳಿಗೂ ನಾಡಿನ ನಾನಾ ಮೂಲೆಗಳಿಂದ ಶ್ರಾವಕರ ಮಕ್ಕಳು ದುಡಿಯಲು ಬಂದಿದ್ದಾರೆ. ಊರಿನ ಬಸದಿ ದೂರವಾಯಿತು, ಬಾಡಿಗೆ ಕೋಣೆ ಹತ್ತಿರವಾಯಿತು. ಮಗನು ಮದ್ಯ, ಮಾಂಸ, ಮಧುಗಳೆಂಬ ಮೂರು ಮಕಾರಗಳನ್ನು ಮುಟ್ಟನೆಂದು ತಾಯಿತಂದೆಗಳು ಸಮಾಧಾನದಿಂದಿರುತ್ತಾರೆ. ಆದರೆ ಕುಡಿದವನ ಬಾಯಿಯಿಂದ ವಾಸನೆ ಬಂದೀತು. ಮೊಬೈಲಿನಲ್ಲಿ ಪಣವೊಡ್ಡಿದವನ ಮೈಯಿಂದ ಯಾವ ವಾಸನೆಯೂ ಬಾರದು. ತಾಯಿ ಚತುರ್ದಶಿಯ ಉಪವಾಸದಲ್ಲಿ ಮಲಗಿರುವ ರಾತ್ರಿಯಲ್ಲೇ ಪಕ್ಕದ ಕೋಣೆಯಲ್ಲಿ ತಿಂಗಳ ಸಂಬಳ ಕರಗಿಹೋಗಬಹುದು. ಐ.ಪಿ.ಎಲ್. ಪಂದ್ಯಗಳು ಸಾಮಾನ್ಯವಾಗಿ ಮಾರ್ಚಿಯಿಂದ ಮೇ ತಿಂಗಳವರೆಗೆ ನಡೆಯುತ್ತವೆ. ಮಹಾವೀರ ಜಯಂತಿಯೂ ಅಕ್ಷಯ ತೃತೀಯೆಯೂ ಬರುವುದು ಆ ದಿನಗಳಲ್ಲಿಯೇ.

ಕ್ರೀಡೆಯ ಪಣವನ್ನು ಕಾನೂನುಬದ್ಧಗೊಳಿಸಬೇಕೆ, ನಿಷೇಧಿಸಬೇಕೆ ಎಂಬ ವಾದ ದೇಶದಲ್ಲಿ ಬಹುಕಾಲದಿಂದ ನಡೆದಿದೆ. ಅನೇಕಾಂತವನ್ನು ನಂಬಿದವರು ಎರಡು ಕಡೆಯ ಮಾತನ್ನೂ ಕೇಳಬೇಕು. ನ್ಯಾಯಮೂರ್ತಿ ಲೋಧಾ ಸಮಿತಿಯು 2016ರ ಜನವರಿಯಲ್ಲಿ, ಆಟಗಾರರನ್ನೂ ಆಡಳಿತಗಾರರನ್ನೂ ದೂರವಿಟ್ಟು, ತಕ್ಕ ಕಟ್ಟುಪಾಡುಗಳೊಡನೆ ಪಣಕ್ಕೆ ಕಾನೂನಿನ ಒಪ್ಪಿಗೆ ಕೊಡಬಹುದೆಂದಿತು. 2018ರ ಜುಲೈಯಲ್ಲಿ ಕಾನೂನು ಆಯೋಗವು ತನ್ನ 276ನೆಯ ವರದಿಯಲ್ಲಿ ಇದು ಅಪೇಕ್ಷಣೀಯವಲ್ಲವೆಂದು ಹೇಳಿಯೂ, ತಡೆಯಲು ಸಾಧ್ಯವಾಗದಿದ್ದರೆ ನಿಯಂತ್ರಿಸುವುದೇ ಉಳಿದ ದಾರಿಯೆಂದು ಬರೆಯಿತು. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಯನ್ನು ತಿದ್ದಿ ಆನ್‌ಲೈನ್ ಪಣದಾಟವನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ರಾಜ್ಯದ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯ ಭಾಗವನ್ನು ರದ್ದುಪಡಿಸಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣವೊಡ್ಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ವರ್ಷಕ್ಕೆ ಸುಮಾರು 45 ಕೋಟಿ ಜನರು ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದರೆಂಬುದು ಆಗ ಸರ್ಕಾರವೇ ಕೊಟ್ಟ ಲೆಕ್ಕ. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳನ್ನು ಅದೇ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಕರ್ನಾಟಕವೂ ಸೇರಿದಂತೆ ಉಚ್ಚ ನ್ಯಾಯಾಲಯಗಳಿಂದ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು.

ಒಪ್ಪಿಗೆ ಬೇಕೆನ್ನುವವರ ವಾದ ಹಗುರವಾದುದಲ್ಲ. ನಿಷೇಧಿಸಿದರೆ ಹಣವು ಕತ್ತಲೆಯ ದಾರಿ ಹಿಡಿದು ಬುಕ್ಕಿಗಳ ಕೈ ಸೇರುತ್ತದೆ. ಒಪ್ಪಿದರೆ ತೆರಿಗೆ ಬರುತ್ತದೆ, ಲೆಕ್ಕ ಸಿಗುತ್ತದೆ ಎನ್ನುತ್ತಾರೆ. ಇದರಲ್ಲಿ ಸತ್ಯಾಂಶವುಂಟು. ಆದರೆ ಅಮೆರಿಕದ ಅನುಭವವನ್ನೂ ನೋಡಬೇಕು. ಅಲ್ಲಿ 2018ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇಂದ್ರದ ನಿಷೇಧವನ್ನು ತೆಗೆದುಹಾಕಿದ ಮೇಲೆ ಹೆಚ್ಚಿನ ರಾಜ್ಯಗಳು ಕ್ರೀಡಾ ಪಣಕ್ಕೆ ಬಾಗಿಲು ತೆರೆದವು. ಪಣಕ್ಕೆ ಹೋದ ಹಣವು ಬೇರೆ ಜೂಜಿನಿಂದ ಸರಿದು ಬಂದುದಲ್ಲ, ಮನೆಗಳ ಉಳಿತಾಯ ಮತ್ತು ಹೂಡಿಕೆಯಿಂದ ಕಿತ್ತು ಬಂದುದೆಂದು 2024ರಲ್ಲಿ ಅಲ್ಲಿನ ಅರ್ಥಶಾಸ್ತ್ರಜ್ಞರು ತೋರಿಸಿದರು. ಮಗಳ ಮದುವೆಗೆಂದೋ, ಹಾಸನದಲ್ಲೊಂದು ಮನೆಗೆಂದೋ ಕೂಡಿಟ್ಟ ಹಣವೂ ಇದೇ ಬಗೆಯದು.

ಕಾನೂನು ಬಹುಕಾಲ ಒಂದೇ ಪ್ರಶ್ನೆಯನ್ನು ಕೇಳಿಕೊಂಡು ಬಂದಿತು: ಆಟವು ಕೌಶಲದ್ದೋ, ಅದೃಷ್ಟದ್ದೋ? 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ಕುದುರೆ ಪಂದ್ಯವನ್ನು ಕೌಶಲದ ಆಟವೆಂದು ತೀರ್ಮಾನಿಸಿದ್ದು ಈ ಪ್ರಶ್ನೆಯ ಮೇಲೆಯೇ. ತಾನು ಕಟ್ಟಿದ ತಂಡ ಬುದ್ಧಿಯ ಫಲ, ಜೂಜಲ್ಲ ಎಂದು ಸಾಧಿಸುವ ಯುವಕನ ಕೈಗೂ ಇದೇ ಆಯುಧ ಸಿಕ್ಕಿತು. ಶಾಸ್ತ್ರದ ಪ್ರಶ್ನೆ ಬೇರೆ. ಗುಣವ್ರತಗಳಲ್ಲಿ ಒಂದಾದ ಅನರ್ಥದಂಡವಿರತಿಯನ್ನು ವಿವರಿಸುವಾಗ ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅಪಧ್ಯಾನವನ್ನು ಹೇಳುತ್ತಾರೆ. ಪರರ ವಧ ಬಂಧನಗಳನ್ನೂ ಧನಹರಣವನ್ನೂ ಮನಸ್ಸಿನಲ್ಲಿ ಚಿಂತಿಸುವುದು ಅಪಧ್ಯಾನವೆನ್ನುವ ಆ ಪಟ್ಟಿ ಶುರುವಾಗುವುದೇ ಪರರ ಜಯಾಪಜಯದ ಚಿಂತನೆಯಿಂದ. ಶ್ರಾವಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ಆಟವನ್ನು ನೋಡಿ ಸಂತೋಷಪಡುವವನಿಗೂ, ಅದರ ಮೇಲೆ ಹಣವೊಡ್ಡಿದವನಿಗೂ ಇರುವ ಅಂತರ ಈ ಒಂದು ಪದದಲ್ಲಿ ಅಡಗಿದೆ. ಹಣವೊಡ್ಡಿದ ಕ್ಷಣದಿಂದ ಮೈದಾನದಲ್ಲಿರುವ ಯಾರೋ ಒಬ್ಬನು ಎಡವಲೆಂದು, ಇನ್ನಾರದೋ ಜೇಬು ಬರಿದಾಗಲೆಂದು ಮನಸ್ಸು ಹಾರೈಸತೊಡಗುತ್ತದೆ. ಕೌಶಲವಿದ್ದರೂ ಹಾರೈಕೆ ಅದೇ. ಕೌಶಲ ಹೆಚ್ಚಿದಷ್ಟೂ ಹಾರೈಕೆ ಹರಿತವಾಗುತ್ತದೆಂದೂ ಹೇಳಬಹುದು. ಸೋತಾಗ ಹೋದುದನ್ನು ಮರಳಿ ಪಡೆಯಲು ಮತ್ತೆ ಮತ್ತೆ ಒಡ್ಡುವುದು ಆರ್ತಧ್ಯಾನ. ನಿದ್ದೆ, ಊಟ, ಸಾಮಾಯಿಕ ಮೂರನ್ನೂ ಅದು ತಿನ್ನುತ್ತದೆ.

ಕಾನೂನಿಗೂ ಶಾಸ್ತ್ರಕ್ಕೂ ಇರುವ ಈ ಅಂತರಕ್ಕೆ ನಾಡಿನಲ್ಲೇ ಉದಾಹರಣೆಯಿದೆ. ಕರ್ನಾಟಕ ಪ್ರೀಮಿಯರ್ ಲೀಗ್‌ನ ಪಂದ್ಯಗಳಲ್ಲಿ ಮೋಸ ನಡೆಯಿತೆಂದು 2019ರಲ್ಲಿ ಬೆಂಗಳೂರು ಪೊಲೀಸರು ಬಂಧನಗಳನ್ನು ಮಾಡಿದರು. 2022ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು ಮ್ಯಾಚ್ ಫಿಕ್ಸಿಂಗ್ ಎಂಬುದು ದಂಡಸಂಹಿತೆಯ ವಂಚನೆಯ ಕಲಮಿನೊಳಗೆ ಬಾರದೆಂದು ತೀರ್ಪಿತ್ತಿತು. ನ್ಯಾಯಾಲಯ ತನ್ನ ಕೆಲಸ ಮಾಡಿತು, ಅದರಲ್ಲಿ ದೋಷ ಹುಡುಕಬೇಕಾಗಿಲ್ಲ. ಕಲಮು ಸಿಗದ ಕೃತ್ಯಕ್ಕೂ ಕರ್ಮಬಂಧ ತಪ್ಪುವುದಿಲ್ಲ. 2025ರ ಕಾಯ್ದೆಯೂ ಆಟ ನಡೆಸುವವರಿಗೆ, ಜಾಹೀರಾತು ಕೊಡುವವರಿಗೆ ಶಿಕ್ಷೆ ವಿಧಿಸಿ ಆಡುವವನನ್ನು ಬಿಟ್ಟಿದೆ. ಕೆಲವರು ಇದನ್ನೇ ಅನುಮತಿಯೆಂದು ಭಾವಿಸಿದ್ದಾರೆ. ಆದರೆ ವ್ರತವು ಹೇಳುವುದು ಆಡುವವನಿಗೇ.

ಅಕ್ಷಯ ತೃತೀಯೆಯಂದು ಹಸ್ತಿನಾಪುರದಲ್ಲಿ ಶ್ರೇಯಾಂಸರಾಜನು ದೀರ್ಘ ಉಪವಾಸದಲ್ಲಿದ್ದ ಆದಿನಾಥ ಸ್ವಾಮಿಗೆ ಕಬ್ಬಿನ ರಸವನ್ನು ಆಹಾರದಾನವಾಗಿ ಕೊಟ್ಟನು. ಪಾಂಡವರು ಪಗಡೆಯಲ್ಲಿ ರಾಜ್ಯ ಕಳೆದುಕೊಂಡ ಕಥೆಯೂ ಅದೇ ನಗರದ್ದು. ಎರಡು ಕಡೆಯಲ್ಲಿಯೂ ಕೈಯಲ್ಲಿದ್ದುದು ಕೈಬಿಟ್ಟಿತು. ದಾನ ಕೊಟ್ಟವನು ಮರಳಿ ಬರುವುದನ್ನು ಕಾಯಲಿಲ್ಲ. ಪಣವೊಡ್ಡಿದವನು ಇಮ್ಮಡಿಯಾಗಿ ಬರುವುದನ್ನು ಕಾದು ಕುಳಿತನು.

ಈಗಾಗಲೇ ಜಾರಿದವರ ಮಾತು. ಮಗನ ಸಾಲ ತಿಳಿದಾಗ ಕೆಲವು ಮನೆಗಳು ಉಪಗೂಹನ ಅಂಗದ ಹೆಸರಿನಲ್ಲಿ ಅದನ್ನು ಮುಚ್ಚಿಬಿಡುತ್ತವೆ, ಸಂಬಂಧ ಕುದುರುವವರೆಗೆ ಯಾರಿಗೂ ತಿಳಿಯದಿರಲೆಂದು. ಇದು ಉಪಗೂಹನವಲ್ಲ. ಧರ್ಮಕ್ಕೆ ನಿಂದೆ ಬಾರದಂತೆ ದೋಷವನ್ನು ಮರೆಮಾಡಿ, ಅದನ್ನು ತಿದ್ದುವ ಹೊಣೆ ಹೊತ್ತಾಗ ಮಾತ್ರ ಆ ಹೆಸರು ಸಲ್ಲುತ್ತದೆ. ಅದರ ಬೆನ್ನಿಗೇ ಸ್ಥಿತಿಕರಣವನ್ನು ಹೇಳಿರುವುದು ಆ ಕಾರಣಕ್ಕೆ. ಚಂಚಲಚಿತ್ತನಾದ ಪುಷ್ಪಡಾಲನನ್ನು ವಾರಿಷೇಣ ಮುನಿ ಬೈದು ಓಡಿಸಲಿಲ್ಲ, ಜೊತೆಗೆ ಕರೆದುಕೊಂಡು ಹೋಗಿ ನೆಲೆಗೊಳಿಸಿದನು. ಸಾಲದ ಪೂರ್ಣ ಲೆಕ್ಕವನ್ನು ಮನೆಯವರೆದುರು ಬರೆದಿಡುವುದು, ಹಣದ ವ್ಯವಹಾರವನ್ನು ಕೆಲಕಾಲ ತಂದೆಗೋ ಪತ್ನಿಗೋ ಒಪ್ಪಿಸುವುದು, ಒಂದು ಸಾಲ ತೀರಿಸಲು ಇನ್ನೊಂದು ಆ್ಯಪಿನ ಸಾಲ ಮಾಡದಿರುವುದು ಇಲ್ಲಿನ ಸ್ಥಿತಿಕರಣ. ಜೂಜಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆಯೂ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್‌ಗಳ ಗೀಳಿಗಾಗಿ 2014ರಲ್ಲಿ ವಿಶೇಷ ಚಿಕಿತ್ಸಾಲಯ ಆರಂಭವಾಯಿತು. ವೈದ್ಯರ ಬಳಿಗೆ ಹೋಗುವುದರಿಂದ ವ್ರತಕ್ಕೆ ಕುಂದಿಲ್ಲ.

ವ್ರತವನ್ನು ಕೊಳ್ಳುವ ಬಗೆ ಸರಳ. ಜೀವನಪರ್ಯಂತ ಕೊಂಡರೆ ಯಮ, ಅವಧಿ ಕಟ್ಟಿ ಕೊಂಡರೆ ನಿಯಮ. ಒಮ್ಮೆಗೇ ಯಮಕ್ಕೆ ಹೆದರುವ ಯುವಕನು ಪಂದ್ಯಗಳ ಎರಡು ತಿಂಗಳ ಮಟ್ಟಿಗೆ, ಇಲ್ಲವೆ ದಶಲಕ್ಷಣ ಪರ್ವದವರೆಗೆ ನಿಯಮ ಕೊಳ್ಳಲಿ. ಮುನಿಗಳ ಸನ್ನಿಧಿ ದೊರೆಯದಿದ್ದರೆ ಜಿನಬಿಂಬದ ಎದುರಿನಲ್ಲಿ, ಮನೆಯ ಹಿರಿಯರು ಕೇಳುವಂತೆ ಕೊಳ್ಳಲಿ. ಅತಿಚಾರದ ಬಗ್ಗೆ ಮಾತ್ರ ಎಚ್ಚರ ಬೇಕು. ಪಂಡಿತ ಆಶಾಧರರು ಹದಿಮೂರನೆಯ ಶತಮಾನದಲ್ಲಿ ಬರೆದ ಸಾಗಾರಧರ್ಮಾಮೃತದಲ್ಲಿ, ಪಣ ಬಿಟ್ಟವನು ಮನೋವಿನೋದಕ್ಕಾಗಿ ಸ್ಪರ್ಧೆಯ ಪಂತ ಕಟ್ಟುವುದನ್ನೂ ದೋಷವೆಂದಿದ್ದಾರೆ. ಹರ್ಷವೂ ಕ್ರೋಧವೂ ಅಲ್ಲಿಯೂ ಹುಟ್ಟುವುದೇ ಅದಕ್ಕೆ ಕಾರಣ. ಕಚೇರಿಯ ಸ್ನೇಹಿತರು ಚಹಾಕ್ಕಾಗಿ, ಮಧ್ಯಾಹ್ನದ ಊಟಕ್ಕಾಗಿ ಕಟ್ಟುವ ಪಂತವೂ ಇದರಲ್ಲಿ ಸೇರುತ್ತದೆ. ಚಹಾದ ಹಣವನ್ನು ತಾನೇ ಕೊಟ್ಟು, ಪಂತದಿಂದ ಹೊರಗುಳಿಯಲು ಯಾವ ಅಡ್ಡಿಯೂ ಇಲ್ಲ.