ಚಿಗರಿಯ ತಾಕತ್ತು

'ಮೈಗೆ ಒಳ್ಳೆಯದು' ಎಂದು ಯಾರಾದರೂ ಹೇಳಿದರೆ ಸಾಕು, ನಾವು ಹೆಣ್ಣುಮಕ್ಕಳು ಮುಂದಿನ ಪ್ರಶ್ನೆ ಕೇಳುವುದನ್ನೇ ಬಿಟ್ಟುಬಿಡುತ್ತೇವೆ. ಬೇವಿನ ರಸವಾದರೂ ಸರಿ, ಜಿಂಕೆ ಮಾಂಸವಾದರೂ ಸರಿ. ಆದರೆ ಒಳ್ಳೆಯದೆಂಬುದಷ್ಟೇ ಒಂದನ್ನು ತಿನ್ನುವುದಕ್ಕೆ ಸಾಕಾದ ಕಾರಣವೇ?

ಜಿಂಕೆ ಮಾಂಸದ ಗುಣ ಸುಳ್ಳಲ್ಲ. ಬೇಯಿಸಿದ 100 ಗ್ರಾಂ ಮಾಂಸದಲ್ಲಿ ಸುಮಾರು 30 ಗ್ರಾಂ ಪ್ರೋಟೀನು, ನಾಲ್ಕೂವರೆ ಮಿಲಿಗ್ರಾಂ ಕಬ್ಬಿಣ. ಕೊಬ್ಬು ಮಾತ್ರ ಬರೀ 3 ಗ್ರಾಂ. ಓಡುವ ಪ್ರಾಣಿಯ ಮೈಯಲ್ಲಿ ಕೊಬ್ಬು ಎಲ್ಲಿ ನಿಂತೀತು? ಕಾಳು, ಸೊಪ್ಪಿನಲ್ಲಿರುವ ಕಬ್ಬಿಣಕ್ಕಿಂತ ಮಾಂಸದ ಕಬ್ಬಿಣ ಬೇಗ ರಕ್ತಕ್ಕೆ ಸೇರುತ್ತದೆ. ನ್ಯೂಜಿಲೆಂಡಿನಲ್ಲಿ ಜಿಂಕೆಗಳನ್ನು ಕುರಿಯಂತೆ ಸಾಕಿ ಮಾರುತ್ತಾರೆ. ಅಲ್ಲಿಯವರು ತಿಂದರೆ ನನ್ನ ತಕರಾರಿಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಅಡ್ಡ ನಿಂತಿದೆ. ನಾವು ಚಿಗರಿ ಎನ್ನುವ ಕೃಷ್ಣಮೃಗ ಆ ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿದೆ. ಕೊಂದವರಿಗೆ ಕನಿಷ್ಠ 3 ವರ್ಷ ಸೆರೆವಾಸ.

ಚಿಕ್ಕೋಡಿಯ ನಮ್ಮ ಓಣಿಯಲ್ಲಿ ಜೈನರ ಮನೆಗಳೂ ಮರಾಠರ ಮನೆಗಳೂ ಗೋಡೆಗೆ ಗೋಡೆ ಹಚ್ಚಿಕೊಂಡಿವೆ. ಒಬ್ಬರ ಒಗ್ಗರಣೆ ಇನ್ನೊಬ್ಬರ ಮೂಗಿಗೆ ಬರುತ್ತದೆ, ಯಾರೂ ಜಗಳಾಡುವುದಿಲ್ಲ. ಅಲ್ಲಿ ಒಬ್ಬಾಕೆಯ ಮಗಳು ಬಾಣಂತನಕ್ಕೆ ಬಂದಿದ್ದಳು. ಹುಡುಗಿಯ ಮುಖ ಹಾಳಿಯ ಹಾಗೆ ಬಿಳಿಚಿಕೊಂಡಿತ್ತು. ರಾಯಬಾಗದ ಕಡೆಯ ನೆಂಟನೊಬ್ಬ, ಯಾರಿಗೂ ಗೊತ್ತಾಗದಂತೆ ಚಿಗರಿ ಮಾಂಸ ತಂದುಕೊಡುತ್ತೇನೆ ಎಂದನಂತೆ.

"ವೈನಿ, ಡಾಕ್ಟರು ರಕ್ತ ಕಡಿಮಿ ಐತಿ ಅಂದಾರ. ತರಸಲ್ಯಾ, ಬ್ಯಾಡೋ?" ಎಂದು ತಾಯಿ ನನ್ನನ್ನು ಕೇಳಿದಳು.

ಕಾಯ್ದೆಯ ಹೆಸರು ಹೇಳಿ ಆಕೆಯ ಬಾಯಿ ಮುಚ್ಚಿಸಬಹುದಿತ್ತು. ಆದರೆ ಮಗಳ ಜೀವದ ಮುಂದೆ ಯಾವ ತಾಯಿ ಕಾಯ್ದೆ ನೋಡುತ್ತಾಳೆ? ಆ ಮಾಂಸವೊಂದೇ ಆ ಹುಡುಗಿಯನ್ನು ಉಳಿಸುವಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ. ಬೇರೆ ದಾರಿ ಇದ್ದಾಗ ಮಾತ್ರ 'ತಾಕತ್ತು' ಎಂಬುದು ನೆಪವಾಗುತ್ತದೆ. ದಾರಿ ಅವರ ಅಡಿಗೆಮನೆಯಲ್ಲೇ ಇತ್ತು. ಆದಿತ್ಯವಾರಕ್ಕೊಮ್ಮೆ ಮಟನ್ ಆಗುವ ಮನೆ ಅದು. "ಮಗಳಿಗೆ ಏನು ಬರತೈತಿ?" ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಂಡಸರದು ಆದ ಮ್ಯಾಲ ತಳದಾಗಿನ ರಸಾ" ಎಂದಳು.

ನಿಪ್ಪಾಣಿಯಲ್ಲಿ ದಿನವಿಡೀ ಕೂತು ಬೀಡಿ ಕಟ್ಟುವವಳಿರಲಿ, ಅಥಣಿ, ಕಾಗವಾಡದ ಕಬ್ಬಿನ ಹೊಲದಲ್ಲಿ ಕಳೆ ತೆಗೆಯುವವಳಿರಲಿ, ಮನೆಯಲ್ಲಿ ಕೊನೆಯ ತಾಟು ಅವಳದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಇವರಿಗೆಲ್ಲ ಯಾವ ಕಾಡು ಸಾಕಾದೀತು? 2017ರಲ್ಲಿ ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಬಂದಾಗ ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೇ ಬಂದು ಉಣ್ಣಬೇಕೆಂದರು. ಅಷ್ಟು ದೂರ ನಡೆಸುತ್ತಾರೆಂದು ಹಲವರು ಗೊಣಗಿದರು. ಮನೆಗೆ ಕೊಟ್ಟ ರೇಶನ್ನು ಹತ್ತು ಬಾಯಿಗೆ ಹಂಚಿಹೋಗುತ್ತದೆಂಬುದು ಗೊಣಗಿದವರಿಗೂ ಗೊತ್ತಿತ್ತು.

ಚಿಗರಿಯ ಮಾತು ಅಲ್ಲಿಗೆ ಬಿಟ್ಟೆವು. ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಗುಳಿಗೆ ಕಪಾಟಿನಲ್ಲಿ ಹಾಗೇ ಇತ್ತು. ಅದನ್ನು ಹೊರಗೆ ತೆಗೆಸಿದೆ. ಅಳವಿ ಪಾಯಸ, ಸಜ್ಜಿ ರೊಟ್ಟಿ, ಪಲ್ಯದ ಮೇಲೆ ನಿಂಬೆಹುಳಿ ಹಿಂಡುವುದು, ಊಟವಾದ ತಕ್ಷಣ ಚಹಾ ಕುಡಿಯದಿರುವುದು, ಇವನ್ನೂ ಹೇಳಿದೆ. ನಿಂಬೆ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ, ಚಹಾ ತಡೆಯುತ್ತದೆ. ಮುಂದಿನ ಆದಿತ್ಯವಾರ ಆ ತಾಯಿ ಮಟನ್ನಿನ ಮೊದಲ ತಾಟನ್ನು ಮಗಳ ಕೋಣೆಗೆ ಒಯ್ದಿಟ್ಟಳು. ಮನೆಯ ಯಜಮಾನರು ಎರಡು ದಿನ ಮುಖ ಊದಿಸಿಕೊಂಡಿದ್ದರಂತೆ. ಮೂರನೆಯ ವಾರ, "ಆಕಿದ ಆತೇನು?" ಎಂದು ಅವರೇ ಕೇಳಿ ಊಟಕ್ಕೆ ಕೂತರೆಂದು ಆಕೆ ನಗುತ್ತ ಹೇಳಿದಳು.